ಸತ್ತು ಸಿಕ್ಕ ನವಿಲು ಯಾರದ್ದು? 'ಕೊಂದಿಲ್ಲವಲ್ಲ, ಇಟ್ಟುಕೊಂಡರೆ ತಪ್ಪೇನು' ಅನ್ನುವವರಿಗೆ ಕಾನೂನು ಹೇಳುವುದಿಷ್ಟು

ಹೊಲದ ಬದುವಿನಲ್ಲಿ ಕರೆಂಟ್ ತಗುಲಿ ಒಂದು ನವಿಲು ಸತ್ತು ಬಿದ್ದಿದೆ ಅಂದುಕೊಳ್ಳಿ. ನೀವು ಕೊಂದಿಲ್ಲ, ಬಲೆ ಹಾಕಿಲ್ಲ, ಕೋವಿಯನ್ನಂತೂ ಮುಟ್ಟೇ ಇಲ್ಲ. ಅಷ್ಟು ಚೆಂದದ ಹಕ್ಕಿ ಮಣ್ಣಾಗಿ ಹೋಗುತ್ತಲ್ಲ ಅನ್ನೋ ಸಂಕಟಕ್ಕೆ ಮನೆಗೆ ತಂದು, ಯಾರಿಂದಲೋ ಒಳಗೆ ಹತ್ತಿ ತುಂಬಿಸಿ, ಹಾಲ್‌ನಲ್ಲಿ ನಿಲ್ಲಿಸುತ್ತೀರಿ. ಇದರಲ್ಲಿ ಅಪರಾಧ ಎಲ್ಲಿದೆ?

ಈ ಪ್ರಶ್ನೆಯನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಕೇಳುವವರೇನು ಕಳ್ಳಬೇಟೆಗಾರರಲ್ಲ. ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು, ಚಾರಣಕ್ಕೆ ಹೋದಾಗ ಜಿಂಕೆಯ ಕೊಂಬು ಕಂಡವರು, ಅಜ್ಜನ ಕಾಲದ ಕಡವೆ ತಲೆಯನ್ನು ಗೋಡೆಯಲ್ಲಿ ಉಳಿಸಿಕೊಂಡವರು. ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: 'ಏನೂ ಆಗಲ್ಲ ಬಿಡಿ', ಇಲ್ಲವೇ 'ಜೈಲಿಗೆ ಹೋಗ್ತೀರ ನೋಡಿ'. ಕಾನೂನಿನಲ್ಲಿ ನಿಜವಾಗಿ ಏನಿದೆ, ಯಾಕೆ ಹಾಗಿದೆ, ಅದರ ಭಾರ ಯಾರ ಮೇಲೆ ಬೀಳುತ್ತಿದೆ ಅನ್ನುವುದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

ಸತ್ತ ಕೂಡಲೇ ಸರ್ಕಾರದ ಆಸ್ತಿ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972. ಅದರ 39ನೇ ಸೆಕ್ಷನ್ನೇ ಈ ಇಡೀ ಕಥೆಯ ಬೀಗದ ಕೈ. ಬೇಟೆಯಾಡಲ್ಪಟ್ಟ, ಬಂಧನದಲ್ಲಿ ಇಟ್ಟ ಅಥವಾ ಸಾಕಿದ, ತಪ್ಪಿ ಕೊಂದ, ಮತ್ತು 'ಸತ್ತು ಸಿಕ್ಕ' ಕಾಡುಪ್ರಾಣಿ ರಾಜ್ಯ ಸರ್ಕಾರದ ಆಸ್ತಿ ಎನ್ನುತ್ತದೆ ಅದು. ಪ್ರಾಣಿ ಅಷ್ಟೇ ಅಲ್ಲ, ಅದರಿಂದ ಬಂದ ಚರ್ಮ, ಕೊಂಬು, ಉಗುರು, ಮಾಂಸ ಎಲ್ಲವೂ. ಗಮನಿಸಿ, 'ಸತ್ತು ಸಿಕ್ಕ' ಅನ್ನುವ ಮಾತು ಕಾಯ್ದೆಯಲ್ಲೇ ಇದೆ. 'ನಾನು ಕೊಂದಿಲ್ಲ' ಅನ್ನುವುದು ಬೇಟೆಯ ಆರೋಪಕ್ಕೆ ಉತ್ತರವಾಗಬಹುದು. ಇಟ್ಟುಕೊಂಡ ಆರೋಪಕ್ಕೆ ಅದು ಉತ್ತರವೇ ಅಲ್ಲ.

ಹಾಗಾದರೆ ಸಿಕ್ಕಿದಾಗ ಏನು ಮಾಡಬೇಕು? ಅದೇ ಸೆಕ್ಷನ್ ಹೇಳುತ್ತದೆ. ಇಂಥ ಸರ್ಕಾರಿ ಆಸ್ತಿ ಯಾವುದೇ ರೀತಿಯಲ್ಲಿ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಮುಂಚಿತ ಲಿಖಿತ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ನಾಶ ಮಾಡುವಂತೆಯೂ ಇಲ್ಲ. ಅಂದರೆ ಕೇಸಿನ ಭಯಕ್ಕೆ ರಾತ್ರೋರಾತ್ರಿ ಹೂತುಹಾಕುವುದು ಕೂಡ ಪರಿಹಾರವಲ್ಲ.

ಇಲ್ಲೊಂದು ವಿಚಿತ್ರ ಇದೆ. ಕಾಡಿನಲ್ಲಿ ಸ್ವತಂತ್ರವಾಗಿ ಓಡಾಡಿಕೊಂಡಿರುವ ಆನೆಯ ಬಗ್ಗೆ ಈ ಸೆಕ್ಷನ್ ಮಾತಾಡುವುದಿಲ್ಲ. ಸತ್ತ ಆನೆಯ ಬಗ್ಗೆ ಮಾತಾಡುತ್ತದೆ. ಸಕಲೇಶಪುರದಲ್ಲೋ ಕೊಡಗಿನಲ್ಲೋ ಒಬ್ಬ ಬೆಳೆಗಾರ 'ತೋಟ ತುಳಿಯುವಾಗ ಆನೆ ಯಾರದ್ದೂ ಅಲ್ಲ, ಸತ್ತರೆ ಮಾತ್ರ ಸರ್ಕಾರದ್ದಾ?' ಎಂದು ಕೇಳಿದರೆ ಆ ಸಿಟ್ಟನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಬೆಳೆನಷ್ಟದ ಪರಿಹಾರ ಬೇರೆಯೇ ಒಂದು ಹೋರಾಟ. ಅದನ್ನು ಗಟ್ಟಿಯಾಗಿ ಕೇಳೋಣ. ಆದರೆ ಆ ಸಿಟ್ಟು ದಂತ ಇಟ್ಟುಕೊಳ್ಳಲು ಕಾರಣವಾಗುವುದಿಲ್ಲ.

'ಟ್ರೋಫಿ' ಅಂದರೆ ಬರೀ ಹುಲಿಯ ತಲೆ ಅಲ್ಲ

ಟ್ಯಾಕ್ಸಿಡರ್ಮಿ ಅಂದರೆ ಸತ್ತ ಪ್ರಾಣಿಯ ಚರ್ಮವನ್ನು ಬಿಡಿಸಿ, ಹದ ಮಾಡಿ, ಒಳಗೆ ಆಕಾರದ ಅಚ್ಚು ಕೂರಿಸಿ, ಜೀವಂತ ಇದ್ದಂತೆ ನಿಲ್ಲಿಸುವ ಕಲೆ. ಕಾಯ್ದೆಯಲ್ಲಿ ಇದಕ್ಕೆ ಚಿಕ್ಕ ವ್ಯಾಖ್ಯೆ ಇದೆ: ಟ್ರೋಫಿಗಳನ್ನು ಹದಮಾಡುವುದು, ಸಿದ್ಧಪಡಿಸುವುದು, ಕೆಡದಂತೆ ಇಡುವುದು ಅಥವಾ ನಿಲ್ಲಿಸುವುದು.

ಇಲ್ಲಿ 'ಟ್ರೋಫಿ' ಅನ್ನುವ ಪದವೇ ಜನರನ್ನು ದಾರಿ ತಪ್ಪಿಸುವುದು. ನಮ್ಮ ತಲೆಯಲ್ಲಿ ಟ್ರೋಫಿ ಅಂದರೆ ಕೋವಿ ಹಿಡಿದ ಮಹಾರಾಜ, ಪಕ್ಕದಲ್ಲಿ ಬಿದ್ದ ಹುಲಿ. ಕಾನೂನಿನ ಟ್ರೋಫಿಗೆ ಬೇಟೆ ಬೇಕಾಗಿಲ್ಲ. ಕಾಡುಪ್ರಾಣಿಯ ಇಡೀ ದೇಹ ಅಥವಾ ಯಾವುದೇ ಭಾಗವನ್ನು, ಕೃತಕವಾಗಿಯೋ ಸಹಜವಾಗಿಯೋ, ಕೆಡದಂತೆ ಉಳಿಸಿಕೊಂಡಿದ್ದರೆ ಅದು ಟ್ರೋಫಿ. ಪಟ್ಟಿಯಲ್ಲಿ ಚರ್ಮ, ಕೊಂಬು, ಮೂಳೆ, ಚಿಪ್ಪು, ಕೂದಲು, ಗರಿ, ಉಗುರು, ಹಲ್ಲು, ದಂತ, ಮೊಟ್ಟೆ, ಗೂಡು, ಜೇನುಹುಟ್ಟಿನವರೆಗೂ ಇದೆ. ಟ್ಯಾಕ್ಸಿಡರ್ಮಿ ಮಾಡದ, ಈಗಷ್ಟೇ ಸತ್ತ ಪ್ರಾಣಿಗೂ ಕಾಯ್ದೆ ಪ್ರತ್ಯೇಕ ಹೆಸರಿಟ್ಟು ತನ್ನ ಬಲೆಯೊಳಗೆ ತಂದಿದೆ.

ನವಿಲುಗರಿಗೆ ಮಾತ್ರ ರಿಯಾಯಿತಿ ಇದೆ. ಬಾಲದ ಗರಿ ಸಹಜವಾಗಿ ಉದುರುವಂಥದ್ದು, ದೇವರ ಪಟದ ಹಿಂದೆ, ಜಾತ್ರೆಯಲ್ಲಿ, ಕುಣಿತದ ಪ್ರಭಾವಳಿಯಲ್ಲಿ ಎಲ್ಲೆಡೆ ಬಳಕೆಯಲ್ಲಿರುವಂಥದ್ದು. ಹಾಗಾಗಿ ಕಾಯ್ದೆಯ ವ್ಯಾಪಾರ, ವರ್ಗಾವಣೆ ನಿರ್ಬಂಧಗಳಿಂದ ಅದನ್ನು ಹೊರಗಿಡಲಾಗಿದೆ. ಆದರೆ ರಿಯಾಯಿತಿ ಗರಿಗೆ, ನವಿಲಿಗಲ್ಲ. ನವಿಲು ಅತಿ ಹೆಚ್ಚು ರಕ್ಷಣೆಯ ಷೆಡ್ಯೂಲ್ 1ರಲ್ಲಿದೆ. ಹೊಲದಲ್ಲಿ ಬಿದ್ದ ಗರಿ ಹೆಕ್ಕಿದರೆ ಯಾರೂ ಕೇಳಲ್ಲ, ಪಕ್ಕದಲ್ಲೇ ಬಿದ್ದ ದೇಹವನ್ನು ಎತ್ತಿಕೊಂಡು ಬಂದರೆ ಕೇಸು.

ಇನ್ನು ಟ್ಯಾಕ್ಸಿಡರ್ಮಿ ಮಾಡಿಕೊಡುವವರ ವಿಷಯ. ಷೆಡ್ಯೂಲ್ 1ರಂಥ ಪ್ರಾಣಿಗಳ ಟ್ಯಾಕ್ಸಿಡರ್ಮಿಯನ್ನು ಯಾರೂ ವ್ಯವಹಾರವಾಗಿ ನಡೆಸುವಂತಿಲ್ಲ ಎಂದು 1986ರ ತಿದ್ದುಪಡಿ ನಿಷೇಧ ಹಾಕಿತು. ಅಂದರೆ 'ನಮ್ಮ ಪರಿಚಯದ ಒಬ್ಬರು ಹುಲಿ ಚರ್ಮ ಹದ ಮಾಡಿ ಕೊಡ್ತಾರೆ, ಲೈಸೆನ್ಸ್ ಇದೆ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿಮ್ಮ ಸಾಕುನಾಯಿ, ಬೆಕ್ಕು, ಕೋಳಿಗೆ ಈ ಕಾಯ್ದೆ ಅನ್ವಯಿಸದು. ಅವು ಕಾಡುಪ್ರಾಣಿಗಳಲ್ಲ.

ಶಿಕ್ಷೆ ಎಷ್ಟು? 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಷೆಡ್ಯೂಲ್ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಮೊದಲು ಈ ದಂಡ 10,000 ಇತ್ತು.

ಇಷ್ಟು ಬಿಗಿ ಯಾಕೆ?

ಮೊದಲ ಕಾರಣ ಸಾಕ್ಷ್ಯ. ಒಂದು ಉಗುರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದು ಹುಲಿಯದ್ದೋ, ಚಿರತೆಯದ್ದೋ, ದನದ ಗೊರಸಿನಲ್ಲಿ ಕೆತ್ತಿದ ನಕಲಿಯೋ ಎಂದು ಡಿಎನ್‌ಎ ಪರೀಕ್ಷೆ ಹೇಳುತ್ತದೆ. ಆ ಹುಲಿ ಮುದಿಯಾಗಿ ಸತ್ತಿತೋ, ಉರುಳಿಗೆ ಬಿದ್ದು ಸತ್ತಿತೋ ಎಂದು ಅದು ಹೇಳಲಾರದು. 'ಸತ್ತು ಸಿಕ್ಕಿದ್ದನ್ನು ಇಟ್ಟುಕೊಳ್ಳಬಹುದು' ಎಂದು ಕಾನೂನು ಒಂದು ಸಾಲು ಬರೆದರೆ, ಮರುದಿನದಿಂದ ಹಿಡಿದ ಪ್ರತಿಯೊಬ್ಬ ಬೇಟೆಗಾರನ ಹುಲಿಯೂ 'ಸತ್ತು ಸಿಕ್ಕಿದ' ಹುಲಿಯೇ. ವಿಷ ಹಾಕಿ ಎರಡು ದಿನ ಬಿಟ್ಟು ಹೋಗಿ ಹೆಕ್ಕಿಕೊಂಡು ಬರುವುದಕ್ಕೆ ಎಷ್ಟು ಹೊತ್ತು ಬೇಕು?

ಅದಕ್ಕೇ 57ನೇ ಸೆಕ್ಷನ್. ನಿಮ್ಮ ವಶದಲ್ಲಿ ವಸ್ತು ಇತ್ತು ಎಂದು ಸಾಬೀತಾದರೆ, ಅದು ಅಕ್ರಮವಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಸಾಮಾನ್ಯ ಕ್ರಿಮಿನಲ್ ಕಾನೂನಿನಲ್ಲಿ ಅಪರಾಧ ಸಾಬೀತು ಮಾಡುವುದು ಸರ್ಕಾರದ ಕೆಲಸ. ಇಲ್ಲಿ ತಕ್ಕಡಿ ತಿರುಗಿದೆ. ಹಕ್ಕುಗಳ ಬಗ್ಗೆ ಯೋಚಿಸುವ ಯಾರಿಗಾದರೂ ಇದು ಸ್ವಲ್ಪ ಇರುಸುಮುರುಸು ಮಾಡಬೇಕು, ನನಗೂ ಮಾಡುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಈ ತರ್ಕ ಎಲ್ಲಿಯವರೆಗೆ ಹೋಗಿದೆ ಎಂಬುದಕ್ಕೆ ಒಂದು ಉದಾಹರಣೆ. ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋದ ಮ್ಯಾಮತ್ ಎಂಬ ದೈತ್ಯ ಪ್ರಾಣಿಯ ದಂತ ಹಿಮದಡಿ ಸಿಗುತ್ತದೆ. ಅದನ್ನು ಆಮದು ಮಾಡಿಕೊಂಡು ಕೆತ್ತನೆ ಮಾಡುತ್ತಿದ್ದ ವ್ಯಾಪಾರಿಗಳು 'ಇದು ಆನೆಯಲ್ಲ, ಅಳಿದುಹೋದ ಪ್ರಾಣಿಯನ್ನು ರಕ್ಷಿಸುವುದೆಲ್ಲಿ ಬಂತು' ಎಂದು ವಾದಿಸಿದರು. 'ಸತ್ತು ಸಿಕ್ಕಿದ್ದು' ಅನ್ನೋದಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಇಲ್ಲ ಅಲ್ವಾ? ಆದರೂ 2003ರಲ್ಲಿ ಬಲರಾಮ್ ಕುಮಾವತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದಂತ ಅಂದರೆ ದಂತವೇ, ನಿಷೇಧ ಅದಕ್ಕೂ ಅನ್ವಯ ಎಂದಿತು. ಒಂದು ಬಾಗಿಲು ತೆರೆದರೆ ಅದರೊಳಗಿಂದ ಆನೆಯ ದಂತವೂ ಮ್ಯಾಮತ್ ಹೆಸರಿನಲ್ಲಿ ಸಾಗುತ್ತದೆ ಅನ್ನುವುದು ಇದರ ಹಿಂದಿನ ಕಾಳಜಿ.

ಎರಡನೇ ಕಾರಣ ಆ ದೇಹವೇ ಒಂದು ದಾಖಲೆ. ರಸ್ತೆ ಬದಿಯ ಚಿರತೆ ವಾಹನಕ್ಕೆ ಸಿಕ್ಕು ಸತ್ತಿತೋ, ಉರುಳಿನಿಂದ ತಪ್ಪಿಸಿಕೊಂಡು ಬಂದು ಸತ್ತಿತೋ ಎಂಬುದು ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಗಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳ ಲೆಕ್ಕ ಯಾರೋ ಇಟ್ಟಿದ್ದರಿಂದ ಆ ವಾದಕ್ಕೆ ಬಲ ಬಂತು. ಸತ್ತ ಪ್ರಾಣಿ ಯಾರದ್ದೋ ಮನೆಯ ಶೋಕೇಸ್ ಸೇರಿದ್ದರೆ ಲೆಕ್ಕವೇ ಇರುತ್ತಿರಲಿಲ್ಲ.

ಮೂರನೆಯದು ರೋಗ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಮಂಗಗಳ ಸಾವಿನಿಂದಲೇ ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾದದ್ದು. ಸತ್ತ ಮಂಗದ ಮೈಯಿಂದ ಉಣ್ಣೆಗಳು ಇಳಿದು ಹರಡುತ್ತವೆ. ಇವತ್ತಿಗೂ ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಅದು ಇಡೀ ಊರಿಗೆ ಮುನ್ಸೂಚನೆ. ಮುಟ್ಟದೆ ತಿಳಿಸುವುದು ಇಲ್ಲಿ ಬರೀ ಕಾನೂನಲ್ಲ, ಜೀವ ಉಳಿಸುವ ಕೆಲಸ.

ಮೈಸೂರಿನ ಒಂದು ಮನೆತನ, ನೂರಾರು ಅರಮನೆಗಳು

ಈ ವಿಷಯಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. 20ನೇ ಶತಮಾನದಲ್ಲಿ ಜಗತ್ತಿನ ಅತಿ ದೊಡ್ಡ ಟ್ಯಾಕ್ಸಿಡರ್ಮಿ ಕಾರ್ಖಾನೆಗಳಲ್ಲಿ ಒಂದು ಮೈಸೂರಿನಲ್ಲಿತ್ತು: ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ವಿದೇಶಿ ಶಿಕಾರಿಗಳು ಕೊಂದ ಪ್ರಾಣಿಗಳು ಇಲ್ಲಿಗೆ ಬರುತ್ತಿದ್ದವು. ಈ ಸಂಸ್ಥೆಯ ಬಗ್ಗೆ ಪುಸ್ತಕ ಬರೆದ ಪ್ಯಾಟ್ ಮಾರಿಸ್ ಅವರ ಲೆಕ್ಕದಲ್ಲಿ ಅಲ್ಲಿ ತಯಾರಾದ ಹುಲಿ, ಚಿರತೆ ಟ್ರೋಫಿಗಳೇ ಸುಮಾರು 43,000. 1972ರ ಕಾಯ್ದೆ ಬಂದ ಮೇಲೆ ಕೆಲಸ ಇಳಿಮುಖವಾಗಿ, 1999ರಲ್ಲಿ ಕಾರ್ಖಾನೆ ಮುಚ್ಚಿತು.

ಆ ಟ್ರೋಫಿಗಳೆಲ್ಲ ಎಲ್ಲಿ ಹೋದವು? ಅರಮನೆ, ಬಂಗಲೆ, ಕ್ಲಬ್ಬು, ಎಸ್ಟೇಟ್ ಮನೆಗಳಲ್ಲಿ ಇವೆ. ಬಹಳಷ್ಟು ಕಾನೂನುಬದ್ಧವಾಗಿಯೇ ಇವೆ. ಕಾಯ್ದೆ ಜಾರಿಗೆ ಬಂದಾಗ, ಕೈಯಲ್ಲಿ ಇರುವುದನ್ನು 30 ದಿನದೊಳಗೆ ಘೋಷಿಸಿ ಮಾಲೀಕತ್ವದ ಪ್ರಮಾಣಪತ್ರ ಪಡೆಯಲು ಅವಕಾಶ ಕೊಟ್ಟಿತ್ತು. 2003ರಲ್ಲಿ ಇನ್ನೊಮ್ಮೆ 180 ದಿನಗಳ ಅವಕಾಶ ಬಂತು. ಪ್ರಮಾಣಪತ್ರ ಇದ್ದವರೂ ಅದನ್ನು ಮಾರುವಂತಿಲ್ಲ. ವಾರಸಿಕೆಯಾಗಿ ಮಾತ್ರ ಮುಂದಿನವರಿಗೆ ಹೋಗಬಹುದು. ವಾರಸುದಾರರು 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಇಟ್ಟುಕೊಳ್ಳಲು ಇಷ್ಟವಿಲ್ಲದಿದ್ದರೆ ನೋಟಿಸ್ ಕೊಟ್ಟು ಸರ್ಕಾರಕ್ಕೆ ಒಪ್ಪಿಸಬಹುದು. ಪರಿಹಾರ ಸಿಗಲ್ಲ.

ಅಂದರೆ ಗೋಡೆಯ ಮೇಲಿನ ಎರಡು ಒಂದೇ ರೀತಿಯ ಹುಲಿ ತಲೆಗಳಲ್ಲಿ ಒಂದು ಪಿತ್ರಾರ್ಜಿತ ಆಸ್ತಿ, ಇನ್ನೊಂದು ಮೂರು ವರ್ಷದ ಜೈಲು. ವ್ಯತ್ಯಾಸ ಒಂದು ಕಾಗದ. ಆ ಕಾಗದ ಮಾಡಿಸಿಕೊಳ್ಳಲು ಗೆಜೆಟ್ ಓದುವ ವಕೀಲರು ಯಾರ ಮನೆಯಲ್ಲಿದ್ದರು, ಯಾರ ಮನೆಯಲ್ಲಿ ಇರಲಿಲ್ಲ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಉಗುರಿನ ಸುದ್ದಿ ನೆನಪಿದೆಯಾ?

2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಕನ್ನಡದ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಪೆಂಡೆಂಟ್ ಧರಿಸಿದ್ದಕ್ಕೆ ಅರಣ್ಯ ಇಲಾಖೆ ಬಂಧಿಸಿತು. ಆಮೇಲೆ ಶುರುವಾಯ್ತು ನೋಡಿ. ಹಳೇ ಫೋಟೋಗಳು, ಮದುವೆ ವಿಡಿಯೋಗಳು ಹೊರಬಂದವು. ನಟರು, ರಾಜಕಾರಣಿಗಳು, ಸ್ವಾಮೀಜಿಗಳ ಮೇಲೆ ದೂರುಗಳು ಬಂದವು, ಕೆಲವರ ಮನೆಗಳಲ್ಲಿ ಶೋಧ ನಡೆಯಿತು. 'ಅಮ್ಮ ಕೊಟ್ಟಿದ್ದು', 'ಪ್ಲಾಸ್ಟಿಕ್ ಉಗುರು', 'ಗಿಫ್ಟ್ ಬಂದಿದ್ದು' ಅನ್ನುವ ಉತ್ತರಗಳೂ ಬಂದವು. 2024ರ ಆರಂಭದಲ್ಲಿ ರಾಜ್ಯ ಸರ್ಕಾರ, ದಾಖಲೆಯಿಲ್ಲದ ವನ್ಯಜೀವಿ ವಸ್ತುಗಳನ್ನು ಒಪ್ಪಿಸಲು ಮೂರು ತಿಂಗಳ ಕಾಲಾವಕಾಶ ಘೋಷಿಸಿತು.

ಈ ಕಾಲಾವಕಾಶದ ಹಿಂದಿನ ಕಷ್ಟ ನಿಜವಾದದ್ದೇ. ಎಷ್ಟೋ ಮನೆಗಳಲ್ಲಿ ಅದು ಅಜ್ಜಿಯ ಒಡವೆ, ಬೇಟೆಯ ಕೊಬ್ಬಲ್ಲ. ಅವರನ್ನೆಲ್ಲ ಜೈಲಿಗೆ ಹಾಕುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಆದರೆ ನನ್ನ ತಕರಾರು ಸಮಯದ ಬಗ್ಗೆ. 48 ಗಂಟೆಯ ನಿಯಮವಾಗಲಿ, 90 ದಿನದ ನಿಯಮವಾಗಲಿ ದಶಕಗಳಿಂದ ಪುಸ್ತಕದಲ್ಲಿವೆ. ಅವನ್ನು ಗ್ರಾಮಸಭೆಯಲ್ಲಿ, ಕನ್ನಡದಲ್ಲಿ, ಜನಕ್ಕೆ ಅರ್ಥವಾಗುವಂತೆ ಹೇಳುವ ಕೆಲಸ ಎಷ್ಟು ಆಗಿದೆ? ಕಾನೂನಿನ ಬಗ್ಗೆ ಜೋರು ಚರ್ಚೆ ಶುರುವಾಗಿದ್ದು ಟಿವಿಯಲ್ಲಿ ಮುಖ ಕಂಡವರ ಕೊರಳಿಗೆ ಅದು ಸುತ್ತಿಕೊಂಡಾಗ.

ಹಾಗಾದರೆ ಯಾರು ಮಾಡಬಹುದು?

ಬಾಗಿಲು ಪೂರ್ತಿ ಮುಚ್ಚಿಲ್ಲ. ಶಿಕ್ಷಣ, ಸಂಶೋಧನೆ, ಸಾರ್ವಜನಿಕ ವಸ್ತುಸಂಗ್ರಹಾಲಯಗಳಿಗೆ ಕಾಯ್ದೆಯಲ್ಲಿ ಜಾಗ ಇದೆ. ಅನುಮತಿ ಕೊಡಬೇಕಾದವರು ಮುಖ್ಯ ವನ್ಯಜೀವಿ ಪರಿಪಾಲಕರು. ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ಶುರುವಾದ ಟ್ಯಾಕ್ಸಿಡರ್ಮಿ ಕೇಂದ್ರ ಇದಕ್ಕೆ ಒಳ್ಳೆಯ ಉದಾಹರಣೆ. ಬಾಂಬೆ ಪಶುವೈದ್ಯಕೀಯ ಕಾಲೇಜಿನ ಡಾ. ಸಂತೋಷ್ ಗಾಯಕ್ವಾಡ್ ಅಲ್ಲಿ ಸಹಜವಾಗಿ ಸತ್ತ ಪ್ರಾಣಿ, ಪಕ್ಷಿಗಳನ್ನು ಅನುಮತಿಯೊಂದಿಗೆ ಸಂರಕ್ಷಿಸುತ್ತಾ ಬಂದಿದ್ದಾರೆ. ಪ್ರಾಣಿಯೂ ಸಾರ್ವಜನಿಕರದ್ದು, ಟ್ಯಾಕ್ಸಿಡರ್ಮಿ ಆದ ಮೇಲೂ ಸಾರ್ವಜನಿಕರದ್ದೇ.

ಹುಲಿಯ ವಿಷಯದಲ್ಲಿ ಸರ್ಕಾರ ತನ್ನನ್ನೇ ನಂಬುವುದಿಲ್ಲ ಅನ್ನಬಹುದು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯಂತೆ ಸತ್ತ ಹುಲಿಯನ್ನು ಮರಣೋತ್ತರ ಪರೀಕ್ಷೆಯ ನಂತರ ಚರ್ಮ, ಉಗುರು ಸಹಿತ ಸುಡಬೇಕು. 2016ರಲ್ಲಿ ಸತ್ತ ರಣಥಂಬೋರ್‌ನ ಹೆಸರಾಂತ ಹುಲಿ ಮಚ್ಲಿಗೂ ಚಿತೆಯೇ ಆಯಿತು. ಅಸ್ಸಾಂ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಖಜಾನೆಗಳಲ್ಲಿ ಕೂಡಿಟ್ಟಿದ್ದ 2,479 ಘೇಂಡಾಮೃಗದ ಕೊಂಬುಗಳನ್ನು ಬಹಿರಂಗವಾಗಿ ಸುಟ್ಟಿತು. ಇದಕ್ಕೆ ಬೆಲೆಯೇ ಇಲ್ಲ, ಯಾರೂ ಕಾಯಬೇಡಿ, ಕದಿಯಬೇಡಿ ಅನ್ನುವ ಸಂದೇಶ ಅದು.

ಕಾಗದ ಇಲ್ಲದವರ ಪ್ರಶ್ನೆ

ಈಗ ಆಗಲೇ ಹೇಳಿದ ಇರುಸುಮುರುಸಿಗೆ ಬರುತ್ತೇನೆ. ಕಾಡಿನಲ್ಲಿ ಸತ್ತ ಪ್ರಾಣಿ ಮೊದಲು ಕಾಣುವುದು ಯಾರಿಗೆ? ಸೋಲಿಗರಿಗೆ, ಜೇನು ಕುರುಬರಿಗೆ, ದನಗಾಹಿಗಳಿಗೆ. ಅರಣ್ಯ ಹಕ್ಕು ಕಾಯ್ದೆ, 2006 ಅರಣ್ಯವಾಸಿಗಳ ಸಾಂಪ್ರದಾಯಿಕ ಹಕ್ಕುಗಳನ್ನು ಮಾನ್ಯ ಮಾಡಿತು. ಆದರೆ ಬೇಟೆ, ಬಲೆ ಹಾಗೂ ಕಾಡುಪ್ರಾಣಿಯ ದೇಹದ ಭಾಗ ತೆಗೆಯುವುದನ್ನು ಆ ಹಕ್ಕುಗಳಿಂದ ಸ್ಪಷ್ಟವಾಗಿ ಹೊರಗಿಟ್ಟಿತು. ಈ ನಿಷೇಧವನ್ನು ನಾನು ವಿರೋಧಿಸುತ್ತಿಲ್ಲ. ಆದರೆ ಹೊಣೆ ಆರೋಪಿಯ ಮೇಲೆ ಹೊರಿಸುವ 57ನೇ ಸೆಕ್ಷನ್ ಬಂಗಲೆಯವರ ಮೇಲೂ ಹಾಡಿಯವರ ಮೇಲೂ ಒಂದೇ ಭಾರ ಹಾಕುವುದಿಲ್ಲ. ಒಬ್ಬರ ಬಳಿ ಪ್ರಮಾಣಪತ್ರ, ವಕೀಲರು, ಫೋನ್ ಮಾಡಿದರೆ ಎತ್ತುವ ಶಾಸಕರು. ಇನ್ನೊಬ್ಬರ ಬಳಿ 'ಬಿದ್ದಿತ್ತು ಸ್ವಾಮಿ' ಅನ್ನುವ ಮಾತಷ್ಟೇ.

ಬೇರೆ ದಾರಿ ಇಲ್ಲವೇ? ಅಮೆರಿಕದಲ್ಲಿ ಹದ್ದುಗಳ ಗರಿಯನ್ನೂ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ, ನಿಯಮ ನಮ್ಮಷ್ಟೇ ಬಿಗಿ. ಆದರೆ ಸತ್ತು ಸಿಕ್ಕ ಹದ್ದುಗಳು ಕೊಲರಾಡೊದ ಒಂದು ಸರ್ಕಾರಿ ಭಂಡಾರಕ್ಕೆ ಹೋಗುತ್ತವೆ. ಅಲ್ಲಿಂದ ಮಾನ್ಯತೆ ಪಡೆದ ಮೂಲನಿವಾಸಿ ಬುಡಕಟ್ಟುಗಳ ಸದಸ್ಯರಿಗೆ ಅವರ ಧಾರ್ಮಿಕ ಆಚರಣೆಗಾಗಿ ಹಂಚಲಾಗುತ್ತದೆ. ಇದನ್ನೇ ಇಲ್ಲಿ ನಕಲು ಮಾಡಿ ಅನ್ನುತ್ತಿಲ್ಲ. ಹುಲಿ ಉಗುರಿಗೆ ಇಲ್ಲಿರುವ ಕಳ್ಳಪೇಟೆ ಬೇರೆ. ಆದರೆ ಬಿಗಿ ಕಾನೂನು ಮತ್ತು ಸಮುದಾಯದ ಗೌರವ ಎರಡೂ ಒಟ್ಟಿಗೆ ಇರಬಹುದು ಎಂಬುದಕ್ಕೆ ಅದು ಪುರಾವೆ. ನಮ್ಮಲ್ಲಿ ಕನಿಷ್ಠ ಪಕ್ಷ, ಸತ್ತ ಪ್ರಾಣಿಯ ಸುದ್ದಿ ತಂದವರನ್ನೇ ಮೊದಲ ಆರೋಪಿಯಂತೆ ನೋಡದಿರುವ ಖಾತ್ರಿ ಬೇಕು. ಆ ಖಾತ್ರಿ ಇಲ್ಲದ ಕಡೆ ಜನ ತಿಳಿಸುವುದಿಲ್ಲ, ಸುಮ್ಮನಾಗುತ್ತಾರೆ. ಸುಮ್ಮನಾದಾಗ ಲಾಭ ಕಳ್ಳಬೇಟೆಗಾರನಿಗೆ.

ಕಂಡರೆ ಏನು ಮಾಡಬೇಕು

ಮುಟ್ಟಬೇಡಿ, ಜಾಗ ಬದಲಿಸಬೇಡಿ. ದೂರದಿಂದ ಫೋಟೋ ತೆಗೆದು, ಸ್ಥಳ ಮತ್ತು ಸಮಯ ಗುರುತು ಮಾಡಿಕೊಳ್ಳಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಕರೆ ಮಾಡಿದ ಸಮಯ ಬರೆದಿಡಿ, ಯಾರಿಗೆ ಹೇಳಿದಿರಿ ಎಂದೂ ಬರೆದಿಡಿ, ಇದು ನಿಮ್ಮದೇ ರಕ್ಷಣೆಗೆ. ಫೋಟೋವನ್ನು ಸ್ಟೇಟಸ್‌ಗೆ ಹಾಕುವುದಕ್ಕಿಂತ ಮೊದಲು ಕರೆ ಮಾಡಿ, ಯಾಕೆಂದರೆ ಸ್ಥಳದ ಗುರುತು ನೋಡುವವರು ಒಳ್ಳೆಯವರೇ ಆಗಬೇಕಿಲ್ಲ. ಮನೆಯಲ್ಲಿ ಹಳೆಯ ಕೊಂಬು, ಚರ್ಮ, ಉಗುರು ಇದ್ದರೆ ಮೊದಲು ಪ್ರಮಾಣಪತ್ರ ಹುಡುಕಿ. ಸಿಗದಿದ್ದರೆ ವಕೀಲರೊಂದಿಗೆ ಮಾತಾಡಿ ಇಲಾಖೆಯ ಮುಂದೆ ಹೋಗಿ. ಮಾರುವ, ಕೊಡುವ, ಸುಡುವ ಯೋಚನೆ ಬೇಡ.

ಮ್ಯೂಸಿಯಂಗೆ, ಕಾಲೇಜಿನ ಲ್ಯಾಬ್‌ಗೆ ಮಾದರಿ ಬೇಕು ಅನ್ನುವ ವಿದ್ಯಾರ್ಥಿಗಳಿಗೆ ಒಂದು ಮಾತು. ಹೊಲದಿಂದ ಎತ್ತಿಕೊಂಡು ಬರುವ ಬದಲು ಸಂಸ್ಥೆಯ ಮೂಲಕ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಕಳೆದ ವರ್ಷ ಎಷ್ಟು ಪ್ರಾಣಿಗಳು ಸತ್ತು ಸಿಕ್ಕವು, ಎಷ್ಟನ್ನು ಸುಡಲಾಯಿತು, ಎಷ್ಟನ್ನು ಶಿಕ್ಷಣಕ್ಕೆ ಕೊಡಲಾಯಿತು? ಸತ್ತ ನವಿಲು ಸರ್ಕಾರದ ಆಸ್ತಿ ಅಂದರೆ ಕೊನೆಗೆ ಅದು ನಮ್ಮೆಲ್ಲರ ಆಸ್ತಿ. ಅದರ ಲೆಕ್ಕ ಕೇಳುವ ಹಕ್ಕೂ ನಮ್ಮದೇ.